ತೀರ್ಪಿನ ಉಳಿದರ್ಧಕ್ಕೆ ಅನುಪಾಲನಾ ವರದಿ ಎಲ್ಲಿದೆ?

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ಗೃಹ ಇಲಾಖೆಗೆ ಬರೆದರೆ ಅದು ಕಾನೂನು ಇಲಾಖೆಯ ವಿಷಯ ಎನ್ನುತ್ತಾರೆ. ಕಾನೂನು ಇಲಾಖೆಗೆ ಬರೆದರೆ ಹಣಕಾಸು ಇಲಾಖೆಯ ಒಪ್ಪಿಗೆ ಬರಬೇಕು ಎನ್ನುತ್ತಾರೆ. ಮೂರೂ ಇಲಾಖೆಗಳ ಕಡತ ಕೊನೆಗೆ ಬಂದು ನಿಲ್ಲುವುದು ನಿಮ್ಮ ಮೇಜಿನ ಮೇಲೆಯೇ ಆದ್ದರಿಂದ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ. ನಾನು ಬೆಂಗಳೂರಿನ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಕೆಲಸ ಮಾಡುವ ವಕೀಲ. ಫೀಸು ಕೊಡಲಾಗದವರ ಕೇಸುಗಳೇ ನನ್ನ ಬಳಿ ಹೆಚ್ಚು.

ವಿಷಯ ಹೊಸದಲ್ಲ. 2002ರ ಏಪ್ರಿಲ್ 16ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ನಮ್ಮ ರಾಜ್ಯವೇ ಎದುರುದಾರನಾಗಿದ್ದ ಪ್ರಕರಣವೊಂದರಲ್ಲಿ ತೀರ್ಪು ನೀಡಿತು. ಪಿ. ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ರಾಜ್ಯ ಎಂದು ಆ ತೀರ್ಪಿನ ಹೆಸರು. ಮಂಗಳೂರಿನ ನಗರಪಾಲಿಕೆಯ ನೌಕರರೊಬ್ಬರ ಮೇಲಿನ ಭ್ರಷ್ಟಾಚಾರದ ಮೊಕದ್ದಮೆ ಅದು. 1994ರಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿತ್ತು. ವಿಚಾರಣೆ ಆರಂಭವಾಗದೆ ವರ್ಷಗಳು ಕಳೆದವು. 1996 ಮತ್ತು 1998ರಲ್ಲಿ ಸುಪ್ರೀಂ ಕೋರ್ಟೇ ಇಂಥ ವಿಳಂಬಕ್ಕೆ ಗಡುವುಗಳನ್ನು ಹಾಕಿತ್ತು. ಆ ಗಡುವು ಮೀರಿದೆ ಎಂದು 1999ರಲ್ಲಿ ವಿಶೇಷ ನ್ಯಾಯಾಧೀಶರು ಆರೋಪಿಯನ್ನು ಬಿಟ್ಟರು. ಸರ್ಕಾರ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಕೇಸು ದೆಹಲಿಗೆ ಹೋಯಿತು.

ಏಳು ಜನರ ಪೀಠದ ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ಸಿ. ಲಾಹೋಟಿ. ಇಂತಿಷ್ಟು ವರ್ಷ ಕಳೆಯಿತೆಂಬ ಒಂದೇ ಕಾರಣಕ್ಕೆ ಮೊಕದ್ದಮೆ ತಾನಾಗಿಯೇ ಮುಗಿದುಹೋಗಬೇಕೆಂದು ನ್ಯಾಯಾಲಯ ಗಡುವು ಹಾಕುವಂತಿಲ್ಲ, ಅದು ಶಾಸನ ಮಾಡುವವರ ಕೆಲಸ ಎಂದು ಹೇಳಿ ಆ ಗಡುವುಗಳನ್ನು ತೆಗೆದುಹಾಕಿದರು. ಇದು ತೀರ್ಪಿನ ಒಂದರ್ಧ. ಇದರಿಂದ ನಿಮಗೆ ಅನುಕೂಲವಾಯಿತು. ವಿಳಂಬದ ಕಾರಣಕ್ಕೆ ಕೇಸು ರದ್ದುಮಾಡಿ ಎಂದು ನಾವು ಅರ್ಜಿ ಹಾಕಿದಾಗಲೆಲ್ಲ ಸರ್ಕಾರಿ ಅಭಿಯೋಜಕರು ಎದ್ದು ನಿಂತು ಇದೇ ತೀರ್ಪನ್ನು ಉಲ್ಲೇಖಿಸುತ್ತಾರೆ. ಅವರಿಗೆ ಅದರ ಪುಟಸಂಖ್ಯೆ ಬಾಯಿಪಾಠವಾಗಿದೆ.

ಉಳಿದರ್ಧವನ್ನು ಅವರು ಓದುವುದಿಲ್ಲ. ಬೇಗ ನ್ಯಾಯ ಒದಗಿಸುವುದು, ಅದರಲ್ಲೂ ಕ್ರಿಮಿನಲ್ ಪ್ರಕರಣಗಳಲ್ಲಿ ಒದಗಿಸುವುದು ರಾಜ್ಯದ ಸಾಂವಿಧಾನಿಕ ಹೊಣೆ, ಹಣವಿಲ್ಲ, ಸಂಪನ್ಮೂಲವಿಲ್ಲ ಎಂಬುದು ಅದಕ್ಕೆ ಉತ್ತರವಾಗದು ಎಂದು ಅದೇ ತೀರ್ಪು ಹೇಳಿದೆ. ಗಡುವನ್ನು ತೆಗೆದದ್ದು ಈ ಹೊಣೆಯ ಭರವಸೆಯ ಮೇಲೆ. ಆರೋಪಿಯ ಕೈಯಲ್ಲಿದ್ದ ಆಸರೆಯನ್ನು ಕಿತ್ತುಕೊಂಡು, ಬದಲಿಗೆ ರಾಜ್ಯದ ತಲೆಯ ಮೇಲೆ ಋಣ ಹೊರಿಸಿದರು. ಕಿತ್ತುಕೊಂಡದ್ದು ಅಂದೇ ಜಾರಿಗೆ ಬಂತು. ಋಣದ ಲೆಕ್ಕವನ್ನು ಈವರೆಗೆ ಯಾರೂ ಸದನದ ಮುಂದೆ ಇಟ್ಟಿಲ್ಲ. ಅದನ್ನು, ಅಂದರೆ ತೀರ್ಪು ಹೇಳಿದ್ದರಲ್ಲಿ ಎಷ್ಟನ್ನು ಮಾಡಿದಿರೆಂಬ ಅನುಪಾಲನಾ ವರದಿಯನ್ನು, ಇಡಿ ಎಂದು ಕೇಳುವುದಕ್ಕೇ ಈ ಪತ್ರ.

ವಿಳಂಬ ನ್ಯಾಯಾಂಗದ ಸಮಸ್ಯೆ, ಸರ್ಕಾರ ಏನು ಮಾಡಲಾದೀತು ಎಂಬ ಮಾತು ವಿಧಾನಸೌಧದಲ್ಲಿ ಸಲೀಸಾಗಿ ಓಡಾಡುತ್ತದೆ. ರಸ್ತೆ ದಾಟಿದರೆ ಹೈಕೋರ್ಟಿದೆ, ಕೈ ಅತ್ತ ತೋರಿಸುವುದು ಸುಲಭ. ಹಾಗಾಗಿ ಒಂದು ಕೇಸಿನ ಆರ್ಡರ್ ಶೀಟನ್ನು, ಅಂದರೆ ಪ್ರತಿ ವಾಯಿದೆಯಲ್ಲಿ ನಡೆದದ್ದನ್ನು ನ್ಯಾಯಾಲಯ ಬರೆದಿಡುವ ಹಾಳೆಯನ್ನು, ನಿಮ್ಮ ಮುಂದೆ ಬಿಚ್ಚುತ್ತೇನೆ. ಕಕ್ಷಿದಾರನ ಹೆಸರು, ಠಾಣೆ, ನ್ಯಾಯಾಲಯ ಯಾವುದನ್ನೂ ಹೇಳುವುದಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗ, ಗಾರೆ ಕೆಲಸದವನು. ದಾರಿಯಲ್ಲಿ ಹೋಗುತ್ತಿದ್ದವರ ಮೊಬೈಲ್ ಕಸಿದ ಆರೋಪ, ಹಳೆಯ ದಂಡಸಂಹಿತೆಯ 392ನೇ ಕಲಂ. ದೋಷಾರೋಪ ಹೊರಿಸಿ ಸಾಕ್ಷಿ ವಿಚಾರಣೆಗೆ ಇಟ್ಟ ಮೇಲೆ ದಾಖಲಾದ ಸಾಲುಗಳು ಹೀಗಿವೆ (ಚಾ.ಸಾ. ಎಂದರೆ ದೋಷಾರೋಪ ಪಟ್ಟಿಯ ಸಾಕ್ಷಿ, ಎ.ಪಿ.ಪಿ. ಎಂದರೆ ಸಹಾಯಕ ಸರ್ಕಾರಿ ಅಭಿಯೋಜಕರು, ಎಫ್ಎಸ್ಎಲ್ ಎಂದರೆ ವಿಧಿವಿಜ್ಞಾನ ಪ್ರಯೋಗಾಲಯ):

"ಚಾ.ಸಾ.1 ಗೈರು. ಸಮನ್ಸ್ ಜಾರಿಯಾಗಿಲ್ಲ. ಮರು ಸಮನ್ಸ್."
"ಚಾ.ಸಾ.1ರ ಸಮನ್ಸ್ ವಾಪಸು ಬಂದಿಲ್ಲ. ಠಾಣಾಧಿಕಾರಿಗೆ ಪತ್ರ."
"ಚಾ.ಸಾ.1 ಹಾಜರು. ಎ.ಪಿ.ಪಿ. ರಜೆಯಲ್ಲಿದ್ದಾರೆ. ಸಾಕ್ಷಿಯನ್ನು ಮುಚ್ಚಳಿಕೆಯ ಮೇಲೆ ಕಳುಹಿಸಲಾಗಿದೆ."
"ಆರೋಪಿಯನ್ನು ಜೈಲಿನಿಂದ ಹಾಜರುಪಡಿಸಿಲ್ಲ. ಬೆಂಗಾವಲು ಸಿಬ್ಬಂದಿ ಇಲ್ಲ."
"ಎಫ್‌ಎಸ್‌ಎಲ್ ವರದಿ ಬಂದಿಲ್ಲ."
"ತನಿಖಾಧಿಕಾರಿ ಬಂದೋಬಸ್ತ್ ಕರ್ತವ್ಯದಲ್ಲಿದ್ದಾರೆ. ಕಾಲಾವಕಾಶ ಕೋರಿದ್ದಾರೆ."

ಮೂರನೆಯ ಸಾಲನ್ನು ಇನ್ನೊಮ್ಮೆ ಓದಿ. ಆ ಸಾಕ್ಷಿ ಯಾರು? ಮೊಬೈಲ್ ಕಳೆದುಕೊಂಡವರು. ಅಂಗಡಿಯ ಅರ್ಧ ದಿನದ ಸಂಬಳ ಬಿಟ್ಟು ಬಂದು, ದಲಾಯತರು ಹೆಸರು ಕೂಗುವವರೆಗೆ ಮೊಗಸಾಲೆಯಲ್ಲಿ ನಿಂತು, ಏನನ್ನೂ ಹೇಳದೆ ಸಹಿ ಹಾಕಿ ಹೋದರು. ಆಮೇಲೆ ಅವರು ಬರಲಿಲ್ಲ. ಬಾರದಿದ್ದುದಕ್ಕೆ ಅವರ ಮೇಲೆ ವಾರಂಟ್ ಹೊರಟಿತು. ಮೊಬೈಲ್ ಹೋದದ್ದೂ ಅವರದೇ, ವಾರಂಟ್ ಬಂದದ್ದೂ ಅವರಿಗೇ.

ಈ ಆರು ವಾಯಿದೆಗಳಲ್ಲಿ ನ್ಯಾಯಾಧೀಶರ ಕಾರಣಕ್ಕೆ ಬಿದ್ದದ್ದು ಯಾವುದು? ಸಮನ್ಸ್ ಜಾರಿ ಮಾಡುವವರು ನಿಮ್ಮ ಪೊಲೀಸರು, ಎ.ಪಿ.ಪಿ. ನಿಮ್ಮ ನೌಕರರು, ಬೆಂಗಾವಲು ಸಿಬ್ಬಂದಿ, ಪ್ರಯೋಗಾಲಯ, ತನಿಖಾಧಿಕಾರಿ ಎಲ್ಲರೂ ನಿಮ್ಮವರೇ. ವಿಡಿಯೊ ಕಾನ್ಫರೆನ್ಸ್ ಬಂದ ಮೇಲೆ ಬೆಂಗಾವಲಿನ ತಕರಾರು ತೀರಿತೆಂದು ಅಧಿಕಾರಿಗಳು ನಿಮಗೆ ಹೇಳಬಹುದು. ವಾಯಿದೆ ಕೊಡುವುದಕ್ಕೆ ಪರದೆ ಸಾಕು. ಪಾಟೀಸವಾಲಿನ ನಡುವೆ ಆರೋಪಿ ತನ್ನ ವಕೀಲರ ಕಿವಿಯಲ್ಲಿ ಹೇಳಬೇಕಾದ ಮಾತನ್ನು ಪರದೆಯೊಳಗಿನಿಂದ, ಜೈಲು ಸಿಬ್ಬಂದಿಯ ಎದುರು ಕೂಗಿ ಹೇಳಲಾಗುವುದಿಲ್ಲ.

ಎಲ್ಲವೂ ನಿಮ್ಮದೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ನಮ್ಮ ವಕೀಲರ ಬಳಗವೂ ಸಾಚಾ ಅಲ್ಲ. ಹಣವಿರುವ ಆರೋಪಿಗೆ ಹೊರಗಿದ್ದುಕೊಂಡು ಕೇಸು ಎಳೆಯುವುದೇ ಅರ್ಧ ಗೆಲುವು, ಅದಕ್ಕೆ ಬೇಕಾದ ಅರ್ಜಿಗಳನ್ನು ಬರೆದುಕೊಡುವವರು ನಮ್ಮಲ್ಲೇ ಇದ್ದಾರೆ. ನ್ಯಾಯಾಧೀಶರ ಹುದ್ದೆ ಖಾಲಿ ಬಿದ್ದು, ಒಬ್ಬರೇ ಎರಡು ನ್ಯಾಯಾಲಯಗಳ ಪ್ರಭಾರ ಹೊತ್ತಿರುವುದನ್ನೂ ನೋಡುತ್ತೇವೆ. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಇರಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಐದು ವರ್ಷದೊಳಗೆ ಆ ಸಂಖ್ಯೆ ಮುಟ್ಟಬೇಕೆಂದು ಸುಪ್ರೀಂ ಕೋರ್ಟ್ 2002ರ ಮಾರ್ಚಿನಲ್ಲಿ ನಿರ್ದೇಶಿಸಿತು. ದೇಶ ಇಂದಿಗೂ ಅದರ ಅರ್ಧದಷ್ಟೂ ಏರಿಲ್ಲ.

ಆದರೆ ಯಾರ ಪಾಲು ಎಷ್ಟು ಎಂಬುದನ್ನು ಬಿಡಿಸಿ ನೋಡಲು ದಾರಿಯಿದೆ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ದಶಕಗಳಿಂದ ಅದನ್ನೇ ಮಾಡುತ್ತಿದೆ. ವಿಚಾರಣೆ ನ್ಯಾಯಯುತ ಅವಧಿಯೊಳಗೆ ಮುಗಿಯಬೇಕೆಂದು ಅಲ್ಲಿನ ಒಡಂಬಡಿಕೆಯ 6ನೇ ವಿಧಿ ಹೇಳುತ್ತದೆ. ದೂರು ಬಂದಾಗ ನ್ಯಾಯಾಲಯ ಪ್ರಕರಣ ಎಷ್ಟು ಜಟಿಲ, ಆರೋಪಿ ಹೇಗೆ ನಡೆದುಕೊಂಡ, ಸರ್ಕಾರಿ ಅಧಿಕಾರಿಗಳು ಹೇಗೆ ನಡೆದುಕೊಂಡರು ಎಂದು ಪ್ರತ್ಯೇಕವಾಗಿ ತೂಗುತ್ತದೆ. ಆರೋಪಿ ತಾನೇ ಎಳೆದಷ್ಟು ಕಾಲ ಅವನ ಲೆಕ್ಕಕ್ಕೆ, ಸರ್ಕಾರ ಕೂತಷ್ಟು ಕಾಲ ಸರ್ಕಾರದ ಲೆಕ್ಕಕ್ಕೆ.

ಅಲ್ಲಿನದನ್ನು ಇಲ್ಲಿಗೆ ತಂದು ಮೆರೆಸುವ ಹಂಬಲ ನನಗಿಲ್ಲ. ಇಟಲಿ ಈ ವಿಷಯದಲ್ಲಿ ನಮ್ಮನ್ನೂ ನಾಚಿಸುವಂಥ ದೇಶ. ವಿಳಂಬಕ್ಕೆ ಪರಿಹಾರ ಕೊಡಲು 2001ರಲ್ಲಿ ಪಿಂಟೊ ಕಾನೂನು ಎಂಬುದನ್ನು ತಂದರು, ಆಮೇಲೆ ಆ ಪರಿಹಾರದ ಹಣ ಪಾವತಿಯಾಗುವುದೇ ವಿಳಂಬವಾಗಿ ಜನ ಮತ್ತೆ ಸ್ಟ್ರಾಸ್‌ಬರ್ಗಿನಲ್ಲಿರುವ ಅದೇ ಯುರೋಪಿನ ನ್ಯಾಯಾಲಯದ ಮೆಟ್ಟಿಲೇರಿದರು. ನನಗೆ ಹೆಚ್ಚು ಉಪಯುಕ್ತವಾಗಿ ಕಾಣುವುದು ಐರ್ಲೆಂಡಿನ ಕಥೆ.

1983ರ ಅಪಹರಣವೊಂದಕ್ಕೆ ಸಂಬಂಧಿಸಿ ಮ್ಯಾಕ್‌ಫಾರ್ಲೇನ್ ಎಂಬಾತನನ್ನು ಅಲ್ಲಿನ ಪೊಲೀಸರು 1998ರ ಜನವರಿಯಲ್ಲಿ ಬಂಧಿಸಿದರು. ಆತ ಐರಿಷ್ ಸಶಸ್ತ್ರ ಸಂಘಟನೆಗೆ ಸೇರಿದವನು, ಸಾಮಾನ್ಯರ ಅನುಕಂಪಕ್ಕೆ ಪಾತ್ರನಾಗುವಂಥವನಲ್ಲ. ಬೆರಳಚ್ಚು ಸಿಕ್ಕಿದ್ದ ವಸ್ತುಗಳನ್ನು ಪೊಲೀಸರೇ ಕಳೆದಿದ್ದರು. ಕೇಸು ಮೇಲಿನ ಕೋರ್ಟು, ಕೆಳಗಿನ ಕೋರ್ಟು ಎಂದು ಓಡಾಡಿ 2008ರ ಜೂನ್‌ನಲ್ಲಿ ಖುಲಾಸೆಯಲ್ಲಿ ಮುಗಿಯಿತು. ಹತ್ತು ವರ್ಷ ದಾಟಿತ್ತು. ಆತನ ದೂರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮುಂದೆ ಹೋಯಿತು. ವಿಳಂಬವಾದರೆ ನಷ್ಟ ಪರಿಹಾರಕ್ಕೆ ದಾವೆ ಹೂಡಲು ನಮ್ಮ ಸಂವಿಧಾನದಲ್ಲೇ ಅವಕಾಶವಿದೆಯಲ್ಲ ಎಂದು ಐರ್ಲೆಂಡ್ ಸರ್ಕಾರ ವಾದಿಸಿತು. ಹಾಗೆ ಒಬ್ಬರಿಗಾದರೂ ಪರಿಹಾರ ಸಿಕ್ಕಿದ ಉದಾಹರಣೆ ಬೇಕಲ್ಲವೇ? ಅದು ಇರಲಿಲ್ಲ. 2010ರ ಸೆಪ್ಟೆಂಬರ್ 10ರಂದು ನ್ಯಾಯಾಲಯದ ಮಹಾಪೀಠ ಎರಡು ತಪ್ಪುಗಳನ್ನು ಗುರುತಿಸಿತು. ವಿಚಾರಣೆ ಮಿತಿಮೀರಿ ಎಳೆಯಿತು, ಜೊತೆಗೆ ಅದಕ್ಕೆ ದೇಶದೊಳಗೆ ಕೆಲಸಕ್ಕೆ ಬರುವ ಪರಿಹಾರವೇ ಇರಲಿಲ್ಲ.

ನಾನು ಹೇಳಹೊರಟಿದ್ದು ಇನ್ನು ಮುಂದಿನದು. ತೀರ್ಪು ಬಂದಲ್ಲಿಗೆ ಕಡತ ಮುಚ್ಚಲಿಲ್ಲ. ಯುರೋಪಿನಲ್ಲಿ ಇಂಥ ತೀರ್ಪುಗಳು ಸದಸ್ಯ ರಾಷ್ಟ್ರಗಳ ಪ್ರತಿನಿಧಿಗಳು ಕೂತಿರುವ ಸಚಿವರ ಸಮಿತಿಯ ಮುಂದೆ ಹೋಗುತ್ತವೆ. ಏನು ಮಾಡಿದಿರಿ, ಯಾವ ಕಾನೂನು ತರುತ್ತೀರಿ, ಯಾವಾಗ ತರುತ್ತೀರಿ ಎಂದು ಆ ಸಮಿತಿ ಕೇಳುತ್ತದೆ. ಸರ್ಕಾರ ಬರವಣಿಗೆಯಲ್ಲಿ ಉತ್ತರ ಕೊಡಬೇಕು, ಉತ್ತರ ಸಾಲದೆನಿಸಿದರೆ ಕಡತ ತೆರೆದೇ ಇರುತ್ತದೆ. ಐರ್ಲೆಂಡಿನ ಕಡತ ವರ್ಷಗಟ್ಟಲೆ ತೆರೆದಿತ್ತು. ನ್ಯಾಯಾಲಯ ವಿಳಂಬಗಳ ಬಗ್ಗೆ ಅವರು ಕಾನೂನು ಮಾಡಿದ್ದು 2024ರಲ್ಲಿ. ಹದಿನಾಲ್ಕು ವರ್ಷ ಹಿಡಿಯಿತು, ಹೊಗಳುವಂಥದ್ದೇನಲ್ಲ. ಆದರೂ ಕೇಳುವವರು ಒಬ್ಬರಿದ್ದರು, ಉತ್ತರ ಕೊಡುವವರ ವಿಳಾಸವೂ ಗೊತ್ತಿತ್ತು.

ನಮಗೆ ಅಂಥ ಕಟ್ಟೆಯಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1979ರ ಏಪ್ರಿಲ್‌ನಲ್ಲಿ ಸೇರಿತು. ಅನಗತ್ಯ ವಿಳಂಬವಿಲ್ಲದ ವಿಚಾರಣೆ ಅದರ 14ನೇ ವಿಧಿಯಲ್ಲಿದೆ. ಆದರೆ ವ್ಯಕ್ತಿಗಳು ನೇರವಾಗಿ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಲು ಅನುವು ಮಾಡುವ ಐಚ್ಛಿಕ ಒಪ್ಪಂದಕ್ಕೆ ನಾವು ಸೇರಿಲ್ಲ. ದೇಶದ ಸ್ಥಿತಿಯನ್ನು ಆ ಸಮಿತಿ 1997ರಲ್ಲಿ ಪರಿಶೀಲಿಸಿದ ಮೇಲೆ ಮುಂದಿನ ಪರಿಶೀಲನೆ ನಡೆದದ್ದು 2024ರ ಜುಲೈನಲ್ಲಿ. ಆದ್ದರಿಂದ ನಮಗಿರುವುದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ನಮ್ಮದೇ ಸಂವಿಧಾನದ 21ನೇ ವಿಧಿ, ನಮ್ಮದೇ ಸುಪ್ರೀಂ ಕೋರ್ಟ್.

ಸುಪ್ರೀಂ ಕೋರ್ಟೇನೂ ಹೇಳಲು ಹಿಂಜರಿದಿಲ್ಲ. ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಹುಸೇನಾರಾ ಖಾತೂನ್ ಪ್ರಕರಣ ಅದೇ 1979ರದು. ಶೀಘ್ರ ವಿಚಾರಣೆ 21ನೇ ವಿಧಿಯ ಭಾಗ ಎಂದು ಅಂದೇ ಹೇಳಲಾಯಿತು. ತನಿಖೆಯಿಂದ ಮೇಲ್ಮನವಿಯವರೆಗೆ ಎಲ್ಲ ಹಂತಗಳಿಗೂ ಆ ಹಕ್ಕು ಅನ್ವಯವಾಗುತ್ತದೆ ಎಂದು ಅಂತುಲೆ ಪ್ರಕರಣದಲ್ಲಿ ಐವರ ಪೀಠ ಹೇಳಿತು. ಶೀಘ್ರ ವಿಚಾರಣೆ ಕೊಡಲಾಗದ ಸರ್ಕಾರ, ಅಪರಾಧ ಗಂಭೀರ ಎಂಬ ನೆಪದಲ್ಲಿ ಜಾಮೀನನ್ನು ವಿರೋಧಿಸಬಾರದು ಎಂದು 2024ರ ಜುಲೈನಲ್ಲಿ ಇನ್ನೊಂದು ಪೀಠ ಹೇಳಿತು. ತೀರ್ಪುಗಳಿಗೆ ಬರವಿಲ್ಲ. ಬಂದ ತೀರ್ಪು ರಾಜ್ಯದಲ್ಲಿ ಎಷ್ಟು ಜಾರಿಯಾಯಿತೆಂದು ವರ್ಷಕ್ಕೊಮ್ಮೆಯಾದರೂ ಕೂತು ಲೆಕ್ಕ ಹಾಕುವ ಒಂದು ಮೇಜು ನಿಮ್ಮ ಸಚಿವಾಲಯದಲ್ಲಿಲ್ಲ.

ನನ್ನ ಕಕ್ಷಿದಾರನ ವಿಷಯಕ್ಕೇ ಮತ್ತೆ ಬರುತ್ತೇನೆ. ಅವನಿಗೆ ಜಾಮೀನು ಸಿಕ್ಕಿತ್ತು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಇಬ್ಬರು ಜಾಮೀನುದಾರರು ಬೇಕು, ಅವರು ಪಹಣಿಯನ್ನೋ ಕಂದಾಯ ಕಟ್ಟಿದ ರಸೀದಿಯನ್ನೋ ತರಬೇಕು. ಶೆಡ್ಡಿನಲ್ಲಿ ಬಾಡಿಗೆಗಿರುವ ತಾಯಿ ಯಾರ ಪಹಣಿ ತಂದಾಳು? ನ್ಯಾಯಾಲಯದ ಹೊರಗೆ ಪಹಣಿ ಹಿಡಿದು ನಿಲ್ಲುವ ವೃತ್ತಿಪರರಿದ್ದಾರೆ, ಅವರ ದರ ಅವಳ ಕೈಗೆ ನಿಲುಕುವುದಲ್ಲ. ಜಾಮೀನಾಗಿ ಒಂದು ತಿಂಗಳಾದರೂ ಷರತ್ತು ಪೂರೈಸಲಾಗದಿದ್ದರೆ ಷರತ್ತನ್ನು ಸಡಿಲಿಸುವ ಬಗ್ಗೆ ನ್ಯಾಯಾಲಯ ತಾನಾಗಿ ಯೋಚಿಸಬಹುದು ಎಂದು 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ಜಾಮೀನಿಗೆ ಹಣ ಒದಗಿಸುವ ಯೋಜನೆ ತಂದಿತು. ಆದರೆ ಜಾಮೀನಾದ ಮೇಲೂ ಒಳಗೇ ಉಳಿದಿದ್ದಾನೆ ಎಂಬ ಸುದ್ದಿ ಜೈಲಿನಿಂದ ನ್ಯಾಯಾಲಯಕ್ಕೆ ಬಂದರೆ ತಾನೇ ಮುಂದಿನದು?

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಇನ್ನೊಂದು ಬಾಗಿಲು ತೆರೆಯಿತು. ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು, ಇತರರು ಅರ್ಧ ಭಾಗವನ್ನು ವಿಚಾರಣೆಯಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಅನ್ವಯಿಸದು. ಅರ್ಜಿ ಹಾಕಬೇಕಾದ ಹೊಣೆಯನ್ನು ಜೈಲಿನ ಅಧೀಕ್ಷಕರ ಮೇಲೆ ಹಾಕಲಾಗಿದೆ. ಹಳೆಯ ಕೇಸುಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ ಆಗಸ್ಟಿನಲ್ಲೇ ಸ್ಪಷ್ಟಪಡಿಸಿತು. ಆದರೆ ಆ ಕಲಮಿನೊಳಗೇ ಒಂದು ಗಂಟಿದೆ. ಒಂದಕ್ಕಿಂತ ಹೆಚ್ಚು ಕೇಸುಗಳು ಬಾಕಿಯಿದ್ದರೆ ಈ ಸೌಲಭ್ಯ ಸಿಗದು. ಮೊಬೈಲ್ ಕಳ್ಳತನದ ಶಂಕೆಯ ಮೇಲೆ ಒಬ್ಬನನ್ನು ಹಿಡಿದರೆ ಸುತ್ತಲಿನ ಠಾಣೆಗಳ ಬಗೆಹರಿಯದ ಒಂದೆರಡು ಕೇಸುಗಳೂ ಅವನ ಹೆಸರಿಗೆ ಸೇರಿಕೊಳ್ಳುವುದು ಈ ಊರಿನಲ್ಲಿ ಯಾವ ವಕೀಲನಿಗೂ ಹೊಸ ಸುದ್ದಿಯಲ್ಲ. ನನ್ನವನ ಮೇಲೆ ಬೇರೆ ಠಾಣೆಗಳ ಎರಡು ಕೇಸುಗಳಿದ್ದವು. ಬಾಗಿಲು ಅವನಿಗೆ ತೆರೆಯಲಿಲ್ಲ. ಕಲಮನ್ನು ತಿದ್ದುವ ಅಧಿಕಾರ ಸಂಸತ್ತಿನದು, ಒಪ್ಪುತ್ತೇನೆ. ಅವನಂಥವರು ರಾಜ್ಯದ ಜೈಲುಗಳಲ್ಲಿ ಎಷ್ಟು ಮಂದಿ ಇದ್ದಾರೆಂದು ಪಟ್ಟಿ ಮಾಡುವುದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರರಲ್ಲಿ ಎಪ್ಪತ್ತೈದಕ್ಕೂ ಹೆಚ್ಚು.

ಇದನ್ನು ಆರೋಪಿಗಳ ಪರವಾದ ಅಳಲು ಎಂದು ಪಕ್ಕಕ್ಕಿಡಬೇಡಿ. ಗೌರಿ ಲಂಕೇಶ್ ಅವರನ್ನು ರಾಜರಾಜೇಶ್ವರಿ ನಗರದ ಅವರ ಮನೆಯ ಮುಂದೆ ಕೊಂದದ್ದು 2017ರ ಸೆಪ್ಟೆಂಬರ್ 5ರಂದು. ಸಾಕ್ಷಿ ವಿಚಾರಣೆ ಶುರುವಾಗಿದ್ದು 2022ರ ಜುಲೈನಲ್ಲಿ. 2023ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆರೋಪಿಯೊಬ್ಬನಿಗೆ ಜಾಮೀನು ಕೊಟ್ಟಾಗ ದೋಷಾರೋಪ ಪಟ್ಟಿಯ 527 ಸಾಕ್ಷಿಗಳಲ್ಲಿ 90 ಮಂದಿಯ ವಿಚಾರಣೆಯಷ್ಟೇ ಮುಗಿದಿತ್ತು. ನಂತರ ಒಬ್ಬರ ಹಿಂದೆ ಒಬ್ಬರು ಅದೇ ವಿಳಂಬದ ಕಾರಣ ಮುಂದಿಟ್ಟು ಹೊರಬಂದರು. ಜನ ನ್ಯಾಯಾಧೀಶರನ್ನು ಬೈದರು. ಆದರೆ ಸೆರೆಯಲ್ಲಿರುವವನ ವಿಚಾರಣೆ ವರ್ಷಗಟ್ಟಲೆ ಮುಗಿಯದಿದ್ದರೆ ನ್ಯಾಯಾಲಯಕ್ಕೆ ಬೇರೆ ದಾರಿಯಿರಲಿಲ್ಲ, ಕಾನೂನು ಹೇಳುವುದೂ ಅದನ್ನೇ. 527 ಸಾಕ್ಷಿಗಳಲ್ಲಿ ಯಾರು ನಿಜಕ್ಕೂ ಬೇಕು, ಯಾರನ್ನು ಕೈಬಿಡಬಹುದು ಎಂದು ಮೊದಲ ದಿನವೇ ತೀರ್ಮಾನಿಸಬೇಕಾದವರು ಅಭಿಯೋಜಕರು.

2008ರ ಜುಲೈ 25ರಂದು ಈ ನಗರದಲ್ಲಿ ಸರಣಿ ಬಾಂಬ್ ಸ್ಫೋಟವಾಯಿತು, ಮಡಿವಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದ ಮಹಿಳೆಯೊಬ್ಬರು ಸತ್ತರು. ಹದಿನೈದು ವರ್ಷಗಳಾದ ಮೇಲೆ, 2023ರ ಜುಲೈನಲ್ಲಿ ಆ ಕೇಸಿನ ಆರೋಪಿಯೊಬ್ಬರ ಜಾಮೀನು ಷರತ್ತಿನ ಅರ್ಜಿ ಸುಪ್ರೀಂ ಕೋರ್ಟಿನ ಮುಂದಿದ್ದಾಗಲೂ ವಿಚಾರಣೆ ಮುಗಿದಿರಲಿಲ್ಲ. ಅದೇ ಆರೋಪಿ ಅದಕ್ಕೂ ಮುಂಚೆ ಕೊಯಮತ್ತೂರು ಸ್ಫೋಟದ ಕೇಸಿನಲ್ಲಿ ಒಂಬತ್ತು ವರ್ಷ ಸೆರೆಯಲ್ಲಿದ್ದು 2007ರಲ್ಲಿ ಖುಲಾಸೆಯಾದವರು. ಅವರು ತಪ್ಪಿತಸ್ಥರೋ ಅಲ್ಲವೋ ಎಂಬುದು ನನ್ನ ಈ ಪತ್ರದ ವಿಷಯವಲ್ಲ. ಸತ್ತವರ ಮನೆಯವರಿಗೂ ಆರೋಪಿಗೂ ಇಬ್ಬರಿಗೂ ಉತ್ತರ ಸಿಗದಂತೆ ಮಾಡಿದ್ದು ಒಂದೇ ವಿಳಂಬ.

ಹಾಗಾದರೆ ನಾನು ಕೇಳುವುದೇನು? ಹೊಸ ಆಯೋಗ ಬೇಡ, ನಿವೃತ್ತ ನ್ಯಾಯಮೂರ್ತಿಗಳ ಸಮಿತಿಯೂ ಬೇಡ. ಸರ್ಕಾರಿ ಕಚೇರಿಗಳಲ್ಲಿ ಚಿರಪರಿಚಿತವಾದ ಅನುಪಾಲನಾ ವರದಿ ಸಾಕು. ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಬರೆಯುತ್ತೀರಿ, ಸದನ ಸಮಿತಿಗಳ ಶಿಫಾರಸಿಗೆ ಬರೆಯುತ್ತೀರಿ. 2002ರ ತೀರ್ಪಿಗೂ ಅದರ ನಂತರದ ನಿರ್ದೇಶನಗಳಿಗೂ ಒಂದು ಬರೆಯಿರಿ, ವರ್ಷಕ್ಕೊಮ್ಮೆ ಎರಡೂ ಸದನಗಳ ಮುಂದೆ ಮಂಡಿಸಿ. ಅದರಲ್ಲಿ ಪ್ರಕರಣ ಇತ್ಯರ್ಥದ ಶೇಕಡಾವಾರು ಕೊಚ್ಚಿಕೊಳ್ಳುವುದು ಬೇಡ. ಸರ್ಕಾರದ ಕಾರಣಕ್ಕೆ ಬಿದ್ದ ವಾಯಿದೆಗಳನ್ನಷ್ಟೇ ಬಿಡಿಸಿ ಹೇಳಿ: ಪೊಲೀಸ್ ಸಾಕ್ಷಿ ಬಾರದೆ ಎಷ್ಟು, ಸಮನ್ಸ್ ಜಾರಿಯಾಗದೆ ಎಷ್ಟು, ಎ.ಪಿ.ಪಿ. ಇಲ್ಲದೆ ಎಷ್ಟು, ಪ್ರಯೋಗಾಲಯದ ವರದಿ ಬಾರದೆ ಎಷ್ಟು, ಬೆಂಗಾವಲಿಲ್ಲದೆ ಎಷ್ಟು. ಆರ್ಡರ್ ಶೀಟುಗಳೆಲ್ಲ ಈಗ ಗಣಕದಲ್ಲಿವೆ. ಹೈಕೋರ್ಟಿಗೆ ಒಂದು ಪತ್ರ ಬರೆದು ಸಹಕಾರ ಕೋರಿದರೆ ಆಗುವ ಕೆಲಸ.

479ನೇ ಕಲಮಿನಡಿ ಯಾವ ಜೈಲಿನಿಂದ ಎಷ್ಟು ಅರ್ಜಿ ಹೋದವು, ಜಾಮೀನು ಸಿಕ್ಕಿಯೂ ಒಳಗಿರುವವರು ಎಷ್ಟು ಎಂಬುದೂ ಆ ವರದಿಯಲ್ಲಿರಲಿ.

ಇನ್ನೊಂದು ವಿಷಯಕ್ಕೆ ದೊಡ್ಡ ಮನಸ್ಸು ಬೇಕು. ತಪ್ಪಾಗಿ ಮೊಕದ್ದಮೆಗೆ ಸಿಕ್ಕಿ ನಲುಗಿದವರಿಗೆ ಪರಿಹಾರ ಕೊಡುವ ಕಾನೂನು ಬೇಕೆಂದು ಕೇಂದ್ರ ಕಾನೂನು ಆಯೋಗ 2018ರ ಆಗಸ್ಟಿನಲ್ಲಿ 277ನೇ ವರದಿ ಕೊಟ್ಟಿತು. ಅದು ಕಪಾಟಿನಲ್ಲಿದೆ. ಖುಲಾಸೆಯಾದ ಬಡವನಿಗೆ ಹೈಕೋರ್ಟಿನಲ್ಲಿ ರಿಟ್ ಹಾಕಿ ಪರಿಹಾರ ಕೇಳುವ ಹಕ್ಕು ಇದೆ ಎಂದು ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ಐರ್ಲೆಂಡ್ ಸರ್ಕಾರ ಹೇಳಿದ್ದೂ ಇಂಥದೇ ಮಾತು. ಕೇಂದ್ರ ತರುವವರೆಗೆ ಕಾಯದೆ ರಾಜ್ಯವೇ ಒಂದು ಯೋಜನೆ ರೂಪಿಸಬಹುದು. ಅಪರಾಧ ಸಂತ್ರಸ್ತರ ಪರಿಹಾರ ಯೋಜನೆ ಈಗಾಗಲೇ ಇದೆ, ಕಾನೂನು ಸೇವಾ ಪ್ರಾಧಿಕಾರದ ಮೂಲಕ ಹಣ ಕೊಡುವ ದಾರಿ ಗೊತ್ತಿದೆ.

ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ಮೊದಲ ವರದಿ ಬಂದರೆ ಸಂತೋಷ. ಮೇಲೆ ಹೇಳಿದ ಆರ್ಡರ್ ಶೀಟಿನ ದೃಢೀಕೃತ ನಕಲನ್ನು, ಕಕ್ಷಿದಾರನ ಒಪ್ಪಿಗೆ ಪಡೆದು, ನಿಮ್ಮ ಕಚೇರಿಯಿಂದ ಯಾರೇ ಕೇಳಿದರೂ ತಂದುಕೊಡುತ್ತೇನೆ. ಈ ಪತ್ರದ ಪ್ರತಿಗಳನ್ನು ವಿರೋಧ ಪಕ್ಷಗಳ ನಾಯಕರಿಗೂ ಕಳುಹಿಸುತ್ತಿದ್ದೇನೆ. ಆ ತೀರ್ಪು ಬಂದ ಮೇಲೆ ಮೂರು ಪಕ್ಷಗಳ ಮುಖ್ಯಮಂತ್ರಿಗಳು ನಿಮ್ಮ ಕುರ್ಚಿಯಲ್ಲಿ ಕೂತು ಎದ್ದಿದ್ದಾರೆ, ಆದ್ದರಿಂದ ಉತ್ತರ ಕೊಡುವ ಹೊಣೆ ಅವರಿಗೂ ಇದೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ವಕೀಲ